ಒಲೆ ದೊಡ್ಡದು ಮಾಡಿ ಬರ್ತೀನಿ

ಸೆಗೋವಿಯಾ ಸೀಮೆ, ಸ್ಪೇನ್
4 ಆಗಸ್ಟ್ 2024

ಅಕ್ಕಾ, ನಿನ್ನ ತಮ್ಮ ಜಯರಾಮು ಇಲ್ಲಿಂದಲೇ ಅಡ್ಡಬಿದ್ದಿದ್ದಾನೆ, ಹರಸಿಬಿಡು.

ನಾನೂ ಒಲೆಯೂ ಚೆನ್ನಾಗಿದ್ದೇವೆ. ಹ್ಯಾರಿಸನ್ನಿನಲ್ಲಿ ನೀನೂ ನಿನ್ನ ಮಗಳೂ ಜಗಳ ಆಡುವಷ್ಟು ಚೆನ್ನಾಗಿದ್ದೀರಿ ಅಂದುಕೊಂಡು ಮುಂದಕ್ಕೆ ಬರೆಯುತ್ತೇನೆ.

ತನು ಮತ್ತೆ ಅದೇ ಹೇಳಿದ್ದಾಳೆ, ಮಾವ ಒಂದು ಸ್ಮಾರ್ಟ್‌ಫೋನ್ ತಗೋ ಅಂತ. ಇಪ್ಪತ್ತು ವರ್ಷ ಒಲೆಯ ಬಾಯಿಗೆ ನಿಂತು, ತಲೆಯ ಮೇಲಿನ ಹೊಗೆ ಫ್ಯಾನಿನ ಮೊರೆತ ಕೇಳಿ ನನ್ನ ಎರಡು ಕಿವಿಯೂ ಹೋಗಿವೆ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಈಗ ಆ ಕೋಣ ನಾನೇ. ಇನ್ನು ಗಾಜು ಒತ್ತಿ ಬರೆಯೋಣವೆಂದರೆ ಬೆರಳ ತುದಿಗಳು ಸುಟ್ಟು ಸುಟ್ಟು ದಡ್ಡುಗಟ್ಟಿವೆ, ಗಾಜಿಗೆ ಅವು ಬೆರಳು ಅಂತಲೇ ಗೊತ್ತಾಗುವುದಿಲ್ಲ. ಪೆನ್ನಿಗೆ ಮಾತ್ರ ಗೊತ್ತಾಗುತ್ತದೆ.

ನಿನಗೆ ಈ ಹೋಟೆಲಿನ ಕಥೆಯನ್ನು ದಿನಾ ಓದಿಸಿಕೊಂಡು ಕೇಳುವ ಆಸೆಯಂತೆ. ಕಣ್ಣು ಮಂಜಾದ ಮೇಲೆ ಕಿವಿಗೆ ಹೊಟ್ಟೆಬಾಕತನ ಬಂತೇನೇ? ಸರಿ, ಕೇಳು. ಹೋಟೆಲಿನ ಹೆಸರು ರೆಸ್ಕೋಲ್ದೊ. ಹಾಗಂದರೆ ಇವರ ಮಾತಲ್ಲಿ ಬೂದಿ ಮುಚ್ಚಿದ ಕೆಂಡ. ಸಾವಿರದ ಏಳುನೂರ ಮೂವತ್ತೊಂದರಲ್ಲಿ, ಸಂತ ಮಾರ್ಟಿನನ ಹಬ್ಬದ ದಿನ, ನವೆಂಬರ್ ಹನ್ನೊಂದಕ್ಕೆ, ಹೇಸರಗತ್ತೆ ಹೊಡೆದುಕೊಂಡು ಬರುವವರಿಗಾಗಿ ಯಾರೋ ಒಬ್ಬ ಈ ಒಲೆ ಹೊತ್ತಿಸಿದ. ಅಲ್ಲಿಂದ ಇಲ್ಲಿಗೆ ಇದು ಒಂದು ದಿನವೂ ತಣ್ಣಗಾಗಿಲ್ಲ. ಇವರವರೇ ಹೊಡೆದಾಡಿಕೊಂಡ ಯುದ್ಧದಲ್ಲಿ ಆಗಿನ ಒಲೆಗಾರನ ಹೆಂಡತಿ ಹಾಲಿನ ಡಬ್ಬಿಯಲ್ಲಿ ಕೆಂಡ ತುಂಬಿಕೊಂಡು ಆಡಿನ ಕೊಟ್ಟಿಗೆಯಲ್ಲಿ ಹನ್ನೊಂದು ದಿನ ಬಚ್ಚಿಟ್ಟುಕೊಂಡಿದ್ದಳಂತೆ, ಸೌದೆ ಉಣಿಸುತ್ತಾ. ಕೋವಿಡ್ಡಿನಲ್ಲಿ ಗಿರಾಕಿಯೇ ಇಲ್ಲದೆ ತೊಂಬತ್ತೇಳು ದಿನ ನಾನೊಬ್ಬನೇ ಇದಕ್ಕೆ ಓಕ್ ಸೌದೆ ಹಾಕಿಕೊಂಡು ಕೂತಿದ್ದೆ. ಒಲೆಗಾರರ ಹೆಸರನ್ನೆಲ್ಲ ಬಾಗಿಲ ಮೇಲಿನ ತೊಲೆಯಲ್ಲಿ ಕೊರೆದಿದ್ದಾರೆ. ಹತ್ತೊಂಬತ್ತನೆಯದು ನನ್ನದು. ಇವರ ಬಾಯಲ್ಲಿ ‘ಜ’ ಹೊರಡದು. ನಾನು ಹಯರಾಮು.

ಯೋಗ ಆಶ್ರಮದ ಅಡುಗೆಯವನಾಗಿ ಬಂದು, ಆಶ್ರಮ ಮುಚ್ಚಿ, ಇಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದವನಿಗೆ ಈ ಪಟ್ಟ ಹೇಗೆ ಬಂತು? ಒಂದು ದಿನ ಒಲೆಗಾರ ಎಉಸೇಬಿಯೊ ಜ್ವರದಲ್ಲಿ ಮಲಗಿದ. ಅಂಗಡಿ ಮುಚ್ಚುವ ಹೊತ್ತಿಗೆ ಕೆಂಡ ಮುಚ್ಚಲು ಯಾರಿಗೂ ಕೈ ಬರಲಿಲ್ಲ. ನಾನು ನೀನು ಮುಚ್ಚುತ್ತಿದ್ದ ಹಾಗೆ ಮುಚ್ಚಿದೆ. ಬೆಳಿಗ್ಗೆ ಎಉಸೇಬಿಯೊನೇ ಎದ್ದು ಬಂದು ತೆಗೆದಾಗ ಕೆಂಡ ನಗುತ್ತಿತ್ತು. ಎಲ್ಲಿ ಕಲಿತೆ ಅಂದರು ಹೋಟೆಲಿನ ಮಾಲಕಿ ಪಿಲಾರಮ್ಮ. ನನ್ನ ಅಕ್ಕ ದೇವಮ್ಮನ ಹತ್ತಿರ ಅಂದೆ. ಈಗಲೂ ಟೂರಿಸ್ಟರಿಗೆ ಕಥೆ ಹೇಳುವಾಗ ನಿನ್ನ ಹೆಸರು ಹೇಳುತ್ತಾರೆ.

ನಿನ್ನ ಬೈಗುಳದ ಕಾಗದಕ್ಕೆ ಕಾಯುತ್ತಿರುವ,
ಜಯರಾಮು

*

ಹ್ಯಾರಿಸನ್, ನ್ಯೂ ಜೆರ್ಸಿ
25 ಆಗಸ್ಟ್ 2024

ಮಾವ,

ನಿನ್ನ ಕಾಗದ ನಾಲ್ಕು ಸಲ ಓದಾಯಿತು. ಹಾಲಿನ ಡಬ್ಬಿ ಬಂದಾಗಲೆಲ್ಲ ಅಮ್ಮ ಕೈ ಎತ್ತಿ ನಿಲ್ಲಿಸುತ್ತಾಳೆ, ಮತ್ತೆ ಹೇಳು ಅಂತ. ಆ ಹೆಂಗಸಿನ ಹೆಸರೇನು ಅಂತ ಕೇಳಿದಳು. ತೊಲೆಯ ಮೇಲೆ ಅವಳ ಹೆಸರು ಇದೆಯಾ?

ಇಲ್ಲಿ ಎಲ್ಲ ಹೀಗೇ. ನಾನು ಬೆಳಿಗ್ಗೆ ಪಾತ್ ಟ್ರೈನ್ ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತೇನೆ, ವಾರಕ್ಕೆ ಮೂರು ದಿನ. ಬಾಗಿಲಲ್ಲಿ ‘ಹೋಗ್ತೀನಮ್ಮ’ ಅಂದರೆ ಈಗಲೂ ಬೈಗುಳ. ‘ಬತ್ತೀನಿ’ ಅನ್ನಬೇಕಂತೆ. ಅಕ್ಕಿ ಖಾಲಿಯಾಯಿತು ಅನ್ನಬಾರದಂತೆ, ಅಕ್ಕಿ ಹೆಚ್ಚಿದೆ ಅನ್ನಬೇಕಂತೆ. ಅಂಗಡಿಯ ಲಿಸ್ಟಿನಲ್ಲಿ ‘ಅಕ್ಕಿ ಹೆಚ್ಚಿದೆ’ ಅಂತ ಬರೆದುಕೊಂಡು ಹೋಗಿ ನಾನು ಅಕ್ಕಿ ತರದೆ ಬಂದದ್ದೂ ಆಯಿತು. ಈ ಅಪಾರ್ಟ್‌ಮೆಂಟಿನಲ್ಲಿ ಬೆಂಕಿಯ ಸುಳಿವೇ ಇಲ್ಲ. ಒಲೆ ಎಲೆಕ್ಟ್ರಿಕ್, ದೇವರ ದೀಪ ಬ್ಯಾಟರಿಯದು. ಒಮ್ಮೆ ಊದುಕಡ್ಡಿ ಹಚ್ಚಿದ್ದಕ್ಕೆ ಅಲಾರಂ ಕಿರುಚಿ ಇಡೀ ಬಿಲ್ಡಿಂಗ್ ಕೆಳಗಿಳಿದಿತ್ತು.

ಹೋದ ಶನಿವಾರ ಸೇತುವೆ ದಾಟಿ ನ್ಯೂವಾರ್ಕಿಗೆ ನಡೆದುಕೊಂಡು ಹೋದೆವು. ಅಲ್ಲಿನ ಫೆರಿ ಸ್ಟ್ರೀಟಿನಲ್ಲಿ ಸ್ಪೇನಿನವರ ಹೋಟೆಲುಗಳಿವೆಯಲ್ಲ, ಒಂದರ ಮುಂದೆ ಅಮ್ಮ ನಿಂತುಬಿಟ್ಟಳು. ನನ್ನ ತಮ್ಮನ ವಾಸನೆ ಬರುತ್ತಾ ನೋಡೋಣ ಅಂದಳು. ಅಲ್ಲಿ ಗ್ಯಾಸ್ ಒಲೆ. ಹೊಗೆಯ ವಾಸನೆ ಬರಲಿಲ್ಲ.

ಅಮ್ಮ ಬರೆಸುತ್ತಿದ್ದಾಳೆ: ‘ಜಯರಾಮು, ನಾ ಚೆಂದಾಗಿವ್ನಿ. ವಸಿ ಸುಸ್ತು, ವಯಸ್ಸಾಯ್ತಲ್ಲ. ನಿನ್ ಒಲೆ ಜ್ವಾಪಾನ.’

ಅಷ್ಟೇ ಹೇಳಿ ಮಲಗಿದಳು.

ನಿನ್ನ,
ತನು

*

ಸೆಗೋವಿಯಾ ಸೀಮೆ
10 ಸೆಪ್ಟೆಂಬರ್ 2024

ಅಕ್ಕಾ,

ಎರಡು ಪುಟ ತುಂಬ ಬೈಗುಳ ಬರುತ್ತದೆ ಅಂತ ಕಾದವನಿಗೆ ಎರಡು ಸಾಲು ಕಳಿಸಿದ್ದೀಯ. ‘ಒಲೆ ಜ್ವಾಪಾನ’ ಅಂತೆ. ನಾನು ಜೋಪಾನ ಬೇಡವೇನು? ಮದುವೆ ಆಗದವನೇ, ಪರದೇಶಿಯೇ ಅಂತ ಒಂದು ಸಲವಾದರೂ ಅನ್ನಬಾರದಿತ್ತೇ? ಅಮೆರಿಕದ ಗಾಳಿ ನಿನ್ನ ನಾಲಿಗೆಗೂ ತಗುಲಿತು. ಆದರೂ ನ್ಯೂವಾರ್ಕಿನ ತನಕ ನಡೆದೆಯಲ್ಲ, ಅದು ಓದಿ ಸಮಾಧಾನವಾಯಿತು. ಎಪ್ಪತ್ತೊಂದರಲ್ಲಿ ಸೇತುವೆ ದಾಟುವವಳಿಗೆ ಏನು ಸುಸ್ತು?

ಇಲ್ಲಿ ಹೊಸ ತಲೆನೋವು. ಪಿಲಾರಮ್ಮನಿಗೆ ಎಂಬತ್ತನಾಲ್ಕು. ಅವರ ಅಣ್ಣನ ಮಕ್ಕಳು ಇಬ್ಬರು ಮ್ಯಾಡ್ರಿಡ್‌ನಿಂದ ಬಂದು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದಾರೆ. ಪಕ್ಕದ ಮನೆ ಸೇರಿಸಿಕೊಂಡು ಇನ್ನೂರು ಕುರ್ಚಿ ಹಾಕಬೇಕಂತೆ, ಇದರ ಎರಡರಷ್ಟು ದೊಡ್ಡ ಒಲೆ ಕಟ್ಟಬೇಕಂತೆ, ಅದಕ್ಕೆ ಗ್ಯಾಸ್. ಕೆಲಸ ಶುರುವಾದರೆ ಮಾರ್ಚಿನ ತನಕ ಹಿಡಿಯುತ್ತದಂತೆ. ಹಯರಾಮು ಇರುವ ತನಕ ಈ ಒಲೆ ಮುಟ್ಟಬೇಡಿ ಅಂದಿದ್ದಾರೆ ಪಿಲಾರಮ್ಮ. ಹಾಗಾಗಿ ಆ ಇಬ್ಬರೂ ದಿನಾ ನನ್ನ ಆರೋಗ್ಯ ವಿಚಾರಿಸುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುನ್ನೂರು ವರ್ಷ ಅಂದರೆ ಏನೂಂತ ಅಳತೆ ಪಟ್ಟಿಗೆ ಗೊತ್ತಾಗುತ್ತದೆಯೇ?

ಆ ಹಾಲಿನ ಡಬ್ಬಿಯವಳ ಹೆಸರು ಯಾರಿಗೂ ಗೊತ್ತಿಲ್ಲ. ತೊಲೆಯ ಮೇಲೆ ಅವಳ ಗಂಡನದು ಮಾತ್ರ ಇದೆ. ನೀನು ಕೇಳಿದೆ ಅಂತ ಪಿಲಾರಮ್ಮನಿಗೆ ಹೇಳಿದೆ, ಅವರು ಎದ್ದುಹೋಗಿ ತೊಲೆಯ ಹೆಸರುಗಳನ್ನೆಲ್ಲ ಮತ್ತೊಮ್ಮೆ ಓದಿ ಬಂದರು.

ಮುಂದಿನ ಕಾಗದದಲ್ಲಿ ಸರಿಯಾಗಿ ಬೈ.

ಜಯರಾಮು

*

ಹ್ಯಾರಿಸನ್
29 ಸೆಪ್ಟೆಂಬರ್ 2024

ಮಾವ,

ಈ ಕಾಗದ ಅಮ್ಮನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಓದಿದ ಮೇಲೆ ನನ್ನ ಮೇಲೆ ಸಿಟ್ಟು ಮಾಡಿಕೊ, ಆದರೆ ಮೊದಲು ಪೂರ್ತಿ ಓದು.

ನಾವು ನ್ಯೂವಾರ್ಕಿಗೆ ನಡೆದುಕೊಂಡು ಹೋಗಲಿಲ್ಲ. ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋದೆ. ಅಮ್ಮನಿಗೆ ಪ್ಯಾಂಕ್ರಿಯಾಸಿನಲ್ಲಿ ಕ್ಯಾನ್ಸರ್. ಜೂನ್ ತಿಂಗಳಲ್ಲೇ ಗೊತ್ತಾಯಿತು. ಆಪರೇಷನ್ ಮಾಡುವ ಹಂತ ದಾಟಿದೆ ಅಂದರು. ನಿನಗೆ ತಿಳಿಸಬಾರದು ಅಂತ ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ‘ಅವ್ನು ಬೆಂಕಿ ಮುಂದೆ ನಿಂತಿರ್ತಾನೆ, ಗ್ಯಾನ ತಪ್ಪಿದ್ರೆ ಕೈ ಸುಟ್ಕತಾನೆ’ ಅಂದಳು. ಮೂರು ತಿಂಗಳು ಸುಳ್ಳು ಬರೆದೆ. ಇನ್ನು ನನ್ನಿಂದ ಆಗದು. ಥ್ಯಾಂಕ್ಸ್‌ಗಿವಿಂಗ್ ನೋಡುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ಅಂದರೆ ನವೆಂಬರ್ ಕೊನೆ.

ಕೆಳಗಿನ ಮನೆಯ ಮಾರ್ತಾ ಎಕ್ವಡೋರಿನವಳು, ಅವಳಿಂದ ಸ್ಪ್ಯಾನಿಷ್‌ನಲ್ಲಿ ನಿಮ್ಮ ಹೋಟೆಲಿಗೆ ಫೋನ್ ಮಾಡಿಸಿದೆ. ಹಯರಾಮು ಒಲೆಯ ಹತ್ತಿರ ಇದ್ದಾನೆ, ಅವನಿಗೆ ಕೇಳಿಸುವುದಿಲ್ಲ, ಏನು ಹೇಳಬೇಕು ಅಂತ ಕೇಳಿದರು. ನಿನ್ನ ಅಕ್ಕ ಸಾಯುತ್ತಿದ್ದಾಳೆ ಅಂತ ಪರಕೀಯರ ಬಾಯಿಂದ ನಿನಗೆ ಹೇಗೆ ಹೇಳಿಸಲಿ? ಮತ್ತೆ ಮಾಡ್ತೀನಿ ಅಂತ ಹೇಳಿಸಿ ಇಟ್ಟುಬಿಟ್ಟೆ.

ಬಾ ಮಾವ. ನಿನ್ನ ಹತ್ತಿರ ಸ್ಪೇನಿನ ಪಾಸ್‌ಪೋರ್ಟ್ ಇದೆ, ವೀಸಾ ಬೇಡ, ಆನ್‌ಲೈನ್ ಅಪ್ರೂವಲ್ ನಾನು ಮಾಡಿಸುತ್ತೇನೆ. ಮ್ಯಾಡ್ರಿಡ್‌ನಿಂದ ನ್ಯೂವಾರ್ಕಿಗೆ ಎಂಟು ಗಂಟೆ ಫ್ಲೈಟ್. ಅವಳು ಬಾ ಅಂತ ಯಾವತ್ತೂ ಹೇಳುವುದಿಲ್ಲ. ಆದರೆ ಲಿಫ್ಟಿನ ಬಾಗಿಲು ತೆರೆದ ಸದ್ದಾದಾಗಲೆಲ್ಲ ತಲೆ ಎತ್ತುತ್ತಾಳೆ. ನಾನು ಯಾರಿಗೂ ಇಷ್ಟು ಗೋಗರೆದಿಲ್ಲ. ದಯವಿಟ್ಟು ಬಾ.

ತನು

*

ಸೆಗೋವಿಯಾ ಸೀಮೆ
12 ಅಕ್ಟೋಬರ್ 2024

ತನು,

ಕಾಗದ ಮೊನ್ನೆ ಬಂತು. ಒಲೆಯ ಮುಂದೆಯೇ ಓದಿದೆ. ಕೈ ಸುಟ್ಟುಕೊಳ್ಳಲಿಲ್ಲ ಅಂತ ಅಕ್ಕನಿಗೆ ಹೇಳಬೇಡ, ನಿನ್ನ ಆಣೆ ಮುರಿದದ್ದು ಗೊತ್ತಾಗುತ್ತದೆ.

ನಿನಗೆ ಎಉಸೇಬಿಯೊನ ವಿಷಯ ಹೇಳಬೇಕು. ನನಗಿಂತ ಮುಂಚಿನ ಒಲೆಗಾರ. ಅವನ ತಾಯಿ ಇಲ್ಲಿಂದ ಮೂರು ಹಳ್ಳಿ ಆಚೆ ತೀರಿಕೊಂಡಾಗ ಅವನು ಹೋಗಲಿಲ್ಲ. ಅವತ್ತು ಹಬ್ಬದ ಜನ. ಒಲೆಯ ಪಕ್ಕದ ಕಿಟಕಿಯಿಂದ ಚರ್ಚಿನ ಗಂಟೆ ಕೇಳಿಸಿಕೊಂಡು ಸೌದೆ ಹಾಕುತ್ತಿದ್ದನಂತೆ. ಈ ಮನೆಯ ಕಟ್ಟಳೆ ಹಾಗೆ, ಬೆಳಗಿನ ಬಾಗಿಲು ಒಲೆಗಾರನೇ ತೆಗೆಯಬೇಕು, ಬೇರೆ ಕೈ ಬೂದಿ ಸರಿಸಬಾರದು. ನಾನು ನಗುತ್ತಿದ್ದೆ, ಇದೆಂಥ ಹುಚ್ಚು ಅಂತ. ಈಗ ನಗು ಬರುತ್ತಿಲ್ಲ.

ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನಗೆ ಅವ್ವ ಅಂದರೆ ಅಕ್ಕನೇ. ಹದಿನಾಲ್ಕು ವರ್ಷದ ಹುಡುಗಿ ಒಲೆ ಮುಂದೆ ಕೂತು ಊದುಗೊಳವೆ ಊದುತ್ತಾ ನನಗೆ ಮಗ್ಗಿ ಹೇಳಿಸುತ್ತಿದ್ದಳು. ಏನು ಬರೆಯಬೇಕು ಅಂತ ಹೊರಟೆನೋ ಮರೆತೆ.

ನನಗೆ ಒಂದು ವಾರ ಕೊಡು. ಪಿಲಾರಮ್ಮನ ಹತ್ತಿರ ಮಾತಾಡಬೇಕು, ಹೇಗೆ ಶುರು ಮಾಡುವುದೋ ತಿಳಿಯುತ್ತಿಲ್ಲ. ಅಕ್ಕನಿಗೆ ಗಂಜಿಯ ಜೊತೆ ಹುಣಿಸೆ ತೊಕ್ಕು ಕೊಡು, ಅದಾದರೆ ತಿನ್ನುತ್ತಾಳೆ.

ಮಾವ

*

ಹ್ಯಾರಿಸನ್
22 ಅಕ್ಟೋಬರ್ 2024

ಮಾವ,

ಅಮ್ಮ ಸಾಯುತ್ತಿದ್ದಾಳೆ ಅಂತ ಬರೆದರೆ ಎಉಸೇಬಿಯೊನ ಕಥೆ ಬರೆದಿದ್ದೀಯ. ಅವನು ತಾಯಿಯ ಮಣ್ಣಿಗೆ ಹೋಗಲಿಲ್ಲ, ಆದ್ದರಿಂದ ನೀನೂ ಬರುವುದಿಲ್ಲ ಅಂತಲೇ? ನೇರವಾಗಿ ಹೇಳು. ತಿರುಗಿಸಿ ಮುರುಗಿಸಿ ಹೇಳಿದರೆ ನನಗೆ ಅರ್ಥವಾಗುವುದಿಲ್ಲ.

ಈಗ ಕೊನೆಗಾಲದ ಆರೈಕೆ ಮಾಡುವ ಹಾಸ್ಪಿಸ್‌ನವರು ಮನೆಗೇ ಬೆಡ್ ತಂದು ಹಾಕಿದ್ದಾರೆ. ನಾನು ಲೀವ್ ತಗೊಂಡಿದ್ದೇನೆ. ಹುಣಿಸೆ ತೊಕ್ಕು ನಾಲಿಗೆಗೆ ಮುಟ್ಟಿಸಿದೆ, ಕಣ್ಣು ಮುಚ್ಚಿ ನಕ್ಕಳು. ಯಾರು ಹೇಳಿಕೊಟ್ಟರು ಅಂದಳು. ಯಾರೂ ಇಲ್ಲ ಅಂದೆ. ನಿನ್ನ ಹೆಸರು ಹೇಳಿದರೆ ಎಲ್ಲಿ ಅಂತ ಕೇಳುತ್ತಾಳೆ.

ಒಂದು ವಾರ ಅಂದೆ. ನಿನ್ನ ವಾರಕ್ಕೆ ಎಷ್ಟು ದಿನ?

ತನು

*

ಸೆಗೋವಿಯಾ ಸೀಮೆ
31 ಅಕ್ಟೋಬರ್ 2024

ತನು,

ಪಿಲಾರಮ್ಮನಿಗೆ ಹೇಳಿದೆ. ಅವರು ಒಪ್ಪಿದ್ದಾರೆ. ಸಂತ ಮಾರ್ಟಿನನ ಹಬ್ಬ ಮುಗಿಯಲಿ. ಒಲೆ ದೊಡ್ಡದು ಮಾಡಿ ಬರ್ತೀನಿ.

ಈ ಮಾತನ್ನು ಅಕ್ಕನಿಗೆ ಹಾಗೇ ಓದಿ ಹೇಳು, ಒಂದಕ್ಷರ ಬದಲಿಸಬೇಡ. ಅವಳಿಗೆ ತಿಳಿಯುತ್ತದೆ. ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಮಾವ

*

ಹ್ಯಾರಿಸನ್
7 ನವೆಂಬರ್ 2024

ಶ್ರೀ ಜಯರಾಮು ಅವರಿಗೆ,

ನಿಮ್ಮ ಕಾಗದ ಇವತ್ತು ಬಂತು. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಬೇಗ ತಲುಪಲಿ ಅಂತ.

ಅಕ್ಕ ಹಾಸಿಗೆ ಹಿಡಿದಿದ್ದಾಳೆ ಅಂತ ಗೊತ್ತಿದ್ದೂ ನಿಮಗೆ ಹಬ್ಬ ಬೇಕಾಯಿತು. ಹಬ್ಬ ಮುಗಿಸಿ ಒಲೆ ದೊಡ್ಡದು ಮಾಡಬೇಕು. ಎರಡರಷ್ಟು ದೊಡ್ಡ ಒಲೆ, ಇನ್ನೂರು ಕುರ್ಚಿ, ಮಾರ್ಚಿನ ತನಕ ಕೆಲಸ. ನೀವೇ ಬೈಯುತ್ತಿದ್ದ ಆ ಮ್ಯಾಡ್ರಿಡ್‌ನವರ ಜೊತೆಗೇ ಸೇರಿಕೊಂಡಿರಿ. ಆಮೇಲೆ ಬಿಡುವಾದರೆ ಬರುತ್ತೀರಿ. ಯಾರನ್ನು ನೋಡಲು?

ನಿಮ್ಮ ಮಾತನ್ನು ಅಮ್ಮನಿಗೆ ಅಕ್ಷರ ಬದಲಿಸದೆ ಓದಿ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಅವಳು ಹೇಳಿದ್ದನ್ನೂ ಅಕ್ಷರ ಬದಲಿಸದೆ ಬರೆಯುತ್ತಿದ್ದೇನೆ: ‘ಬರಬ್ಯಾಡ ಅನ್ನು. ನಾ ಅವನ ಮಕ ನೋಡಾಕಿಲ್ಲ.’

ನೀವು ಬರಬೇಡಿ.

ತನುಶ್ರೀ

*

ಹ್ಯಾರಿಸನ್
24 ನವೆಂಬರ್ 2024

ಮಾವ,

ಅಮ್ಮ ಹೋದ ಸುದ್ದಿಯನ್ನು ಮಾರ್ತಾ ಪಿಲಾರಮ್ಮನಿಗೆ ಫೋನಿನಲ್ಲಿ ಹೇಳಿದಳು. ಅವರು ಅದನ್ನು ಚೀಟಿಯಲ್ಲಿ ಬರೆದು ನಿನ್ನ ಮುಂದೆ ಹಿಡಿದರಂತೆ. ನೀನು ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು ಸೌದೆ ಎತ್ತಿಕೊಂಡೆಯಂತೆ. ಆ ಚೀಟಿಯಲ್ಲಿ ಇಲ್ಲದ್ದನ್ನು ಈಗ ಬರೆಯಬೇಕು. ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಅಕ್ಷರಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ, ಉಳಿದದ್ದಕ್ಕೆ ಕೇಳುವ ಮುಖ ನನಗಿಲ್ಲ.

ನಿನ್ನ ಮಾತನ್ನು ನಾನು ಅಮ್ಮನಿಗೆ ಓದಿ ಹೇಳಿರಲೇ ಇಲ್ಲ. ಅವಳು ಗೋಡೆಯ ಕಡೆ ತಿರುಗಲಿಲ್ಲ. ಬರಬ್ಯಾಡ ಅನ್ನಲಿಲ್ಲ. ಅದೆಲ್ಲ ನಾನು ಕಟ್ಟಿ ಬರೆದದ್ದು. ನಾನು ಬೇಡ ಅಂದರೆ ನೀನು ಕೇಳುವುದಿಲ್ಲ, ಅವಳ ಬಾಯಿಂದ ಬಂದರೆ ನಿನಗೆ ನಾಟುತ್ತದೆ ಅಂತ ಗೊತ್ತಿತ್ತು. ನಿನಗೆ ನೋಯಲಿ ಅಂತಲೇ ಬರೆದೆ. ಬಾ ಅಂದ ಕಾಗದಗಳನ್ನೆಲ್ಲ ಸಾದಾ ಪೋಸ್ಟಿನಲ್ಲಿ ಹಾಕಿದ್ದೆ. ಬೇಡ ಅಂದದ್ದನ್ನು ಕೊರಿಯರಿನಲ್ಲಿ ಕಳಿಸಿದೆ.

ಹದಿನಾಲ್ಕನೇ ತಾರೀಖು ಗುರುವಾರ, ಸಂಜೆ ಆರು ಗಂಟೆಗೆ ಅಮ್ಮನಿಗೆ ಪೂರಾ ಎಚ್ಚರವಿತ್ತು. ಜಯರಾಮು ಕಾಗದ ಬರಲಿಲ್ವಾ ಅಂದಳು. ಇನ್ನು ಇದರಿಂದ ಏನಾದೀತು ಅಂತ ನಿನ್ನ ಆ ಮೂರು ಸಾಲು ತೆಗೆದು ಓದಿದೆ. ಒಲೆ ದೊಡ್ಡದು ಮಾಡಿ ಬರ್ತೀನಿ ಅಂದ ಕೂಡಲೇ ನನ್ನ ಕೈ ಹಿಡಿದಳು. ಮತ್ತೆ ಓದು ಅಂದಳು. ಮೂರು ಸಲ ಓದಿಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೆ ಸಿಟ್ಟು ಬಂದು, ಅವನಿಗೆ ನಿನಗಿಂತ ಹೋಟೆಲು ಕಟ್ಟುವುದೇ ಹೆಚ್ಚಾಯಿತಲ್ಲಮ್ಮ ಅಂದೆ.

ನನ್ನನ್ನು ನೋಡಿದಳು, ಮಾವ. ಅಕ್ಕಿ ತರದೆ ಬಂದ ದಿನ ನೋಡಿದ ಹಾಗೆ.

‘ದೀಪ ಆರ್ಸು ಅಂತ ಯಾರಾದ್ರೂ ಬಾಯಲ್ಲಿ ಅಂತಾರೇನೇ? ದೊಡ್ಡದು ಮಾಡು ಅಂತಾರೆ. ನಮ್ಮವ್ವ ಒಲೆಗೂ ಅಂಗೇ ಅಂತಿದ್ಲು. ಒಲೆ ಆರ್ಸಿ ಬತ್ತೀನಿ ಅಂದವ್ನೆ ಕಣೇ ಅವ್ನು. ನನಗೋಸ್ಕರ.’

ಅವಳು ಎದ್ದು ಕೂರಲು ಹೋದಳು, ಆಗಲಿಲ್ಲ.

‘ಬ್ಯಾಡ ಅನ್ನು. ಆರ್ಸಬ್ಯಾಡ ಅನ್ನು. ಒಬ್ಳು ಹೆಂಗ್ಸು ಹಾಲಿನ್ ಡಬ್ಬೀಲಿ ಉಳ್ಸಿದ್ ಬೆಂಕಿ, ಇನ್ನೊಬ್ಳಿಂದ ಆರ್ಬಾರ್ದು. ಅವ್ವ ತಾತನ ಮಣ್ಣಿಗೆ ಹೋದಾಗ ನಾಕು ದಿನ ಮನೇಲಿ ಒಲೆ ಮುಟ್ಟೋರಿರಲಿಲ್ಲ. ಭತ್ತದ ಹೊಟ್ಟು ಕೆಂಡದ ಮೇಲೆ ಗಟ್ಯಾಗಿ ಒತ್ತಿ, ಅದರ್ ಮೇಲೆ ಬೂದಿ ಸುರ್ದು ಹೋಗಿದ್ಲು. ಬಂದು ತೆಗುದ್ರೆ ಕೆಂಡ ಅಂಗೇ ಇತ್ತು. ಅವ್ನು ಆಗ ಕೂಸು, ಅವ್ನಿಗ್ಗೊತ್ತಿಲ್ಲ. ಹೊಟ್ಟು ಮುಚ್ಚಿ ಬಾ ಅನ್ನು. ಬಂದು ಮಕ ತೋರ್ಸಿ ಹೋಗಾಕೆ ನಾಕು ದಿನ ಸಾಲ್ದಾ?’

ಕೆಳಗೆ ಓಡಿಹೋಗಿ ಮಾರ್ತಾಳನ್ನು ಕರೆತಂದೆ. ನಿಮ್ಮಲ್ಲಿ ಆಗ ಹೋಟೆಲು ಮುಚ್ಚಿಯಾಗಿತ್ತು. ಹನ್ನೊಂದು ಸಲ ಮಾಡಿದೆವು, ಯಾರೂ ಎತ್ತಲಿಲ್ಲ. ಬರ್ತಾನಾ ಅಂದಳು ಅಮ್ಮ. ಬರ್ತಾನೆ ಅಂದೆ. ನಾನು ನಿನಗೆ ಏನು ಬರೆದಿದ್ದೆ ಅಂತ ಅವಳಿಗೆ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಲಿಫ್ಟಿನ ಸದ್ದಾಯಿತು, ಬಾಗಿಲ ಕಡೆ ಮುಖ ಮಾಡಿದಳು. ಬಂದದ್ದು ನರ್ಸ್. ಅಷ್ಟರಲ್ಲಿ ಮುಗಿದಿತ್ತು.

ಏಳನೇ ತಾರೀಖೇ ಆ ಸಾಲು ಓದಿ ಹೇಳಿದ್ದರೆ ಅವಳು ಅವತ್ತೇ ಹೊಟ್ಟಿನ ವಿಷಯ ಹೇಳುತ್ತಿದ್ದಳು. ಎಂಟು ದಿನವಿತ್ತು, ಮಾವ. ಎಂಟು ಗಂಟೆಯ ದಾರಿಗೆ ಎಂಟು ದಿನ.

ನೀನು ಏನು ಬರೆದರೂ ಓದುತ್ತೇನೆ. ಬರೆಯದೆ ಇರಬೇಡ.

ತನು

*

ಸೆಗೋವಿಯಾ ಸೀಮೆ
20 ಡಿಸೆಂಬರ್ 2024

ತನು,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕೋಪ ಇಲ್ಲ ಅಂತ ಬರೆಯೋಣವೆಂದು ನಾಲ್ಕು ಸಲ ಕೂತೆ. ಹಾಗೆ ಬರೆದರೆ ಸುಳ್ಳಾಗುತ್ತದೆ, ನಮ್ಮ ನಡುವೆ ಸುಳ್ಳು ಸಾಕು. ಆದರೆ ನನ್ನ ತಪ್ಪೂ ಇದೆ. ನಿನ್ನ ಮನೆಯಲ್ಲಿ ಬೆಂಕಿಯೇ ಇಲ್ಲ ಅಂತ ನೀನು ಬರೆದಿದ್ದೆ. ಬೆಂಕಿ ಇಲ್ಲದ ಮನೆಯವಳಿಗೆ ಆ ಮಾತು ಎಲ್ಲಿಂದ ಗೊತ್ತಾಗಬೇಕು? ಆರಿಸಿ ಬರ್ತೀನಿ ಅಂತ ಬಿಡಿಸಿ ಬರೆಯಬಹುದಿತ್ತು. ಬೆಂಕಿಯ ಮುಂದೆ ಕೂತು ಆ ಅಕ್ಷರ ಬರೆಯಲು ನನಗೆ ಆಗಲಿಲ್ಲ. ಹಬ್ಬಕ್ಕೆ ಕಾಯಬಾರದಿತ್ತು. ಕೊನೆಯದಾಗಿ ಒಂದು ಮಾರ್ಟಿನನ ಹಬ್ಬ ನೋಡಿಬಿಡುತ್ತೇನೆ ಅಂತ ಪಿಲಾರಮ್ಮ ಕೈ ಮುಗಿದರು, ಕಾದೆ.

ಬೇರೆ ಕೈ ಬೂದಿ ಸರಿಸುವ ಹಾಗಿಲ್ಲ, ಹಾಗಾಗಿ ನಾನಿಲ್ಲದ ದಿನ ಬೆಂಕಿಯೂ ಇರುವ ಹಾಗಿಲ್ಲ. ಹನ್ನೊಂದನೇ ತಾರೀಖು ಮಧ್ಯಾಹ್ನದ ಊಟದವರೆಲ್ಲ ಹೋದ ಮೇಲೆ ಒಲೆಯ ಮುಂದೆ ಮೂರು ಬುಟ್ಟಿ ಮರಳು ಇಟ್ಟುಕೊಂಡೆ. ಪಿಲಾರಮ್ಮ ಕುರ್ಚಿ ಹಾಕಿಸಿಕೊಂಡು ಜಪಮಾಲೆ ಹಿಡಿದು ಕೂತಿದ್ದರು. ಹನ್ನೆರಡರ ಫ್ಲೈಟಿಗೆ ಟಿಕೆಟ್ ಅಂಗಿಯ ಜೇಬಿನಲ್ಲಿತ್ತು. ಮೊದಲ ಬುಟ್ಟಿ ಎತ್ತಿದ್ದೆ, ಕೊರಿಯರಿನವನು ಬಂದ. ನೀನು ಬೇಡ ಅಂದದ್ದಕ್ಕೆ ನಾನು ನಿಲ್ಲುತ್ತಿರಲಿಲ್ಲ. ಅಕ್ಕನ ಮನೆಗೆ ಬರಲು ನಿನ್ನ ಅಪ್ಪಣೆ ಯಾಕೆ? ಅಕ್ಕ ಬೇಡ ಅಂದಳು ಅಂತ ಓದಿ ಬುಟ್ಟಿ ಕೆಳಗಿಟ್ಟೆ. ಅವಳ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಆ ಕಾಗದದಲ್ಲಿ ನೀನು ನನ್ನನ್ನು ‘ನೀವು’ ಅಂದಿದ್ದೆ. ಅದನ್ನು ಈಗಲೂ ಮರೆಯಲು ಆಗುತ್ತಿಲ್ಲ.

ಹಾಗಾಗಿ ಒಲೆ ಉರಿಯುತ್ತಿದೆ. ಅಕ್ಕ ಕೇಳಿದ್ದರಲ್ಲಿ ಅರ್ಧ ನಡೆಯಿತು. ಹಾಲಿನ ಡಬ್ಬಿಯವಳ ಹೆಸರು ಸಿಗದಿದ್ದರೂ ಪರವಾಗಿಲ್ಲ, ಅಕ್ಕನ ಹೆಸರನ್ನು ತೊಲೆಯ ಮೇಲೆ ಕೊರೆಯೋಣ ಅಂದಿದ್ದಾರೆ ಪಿಲಾರಮ್ಮ. ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ.

ಒಂದು ಕೆಲಸ ಮಾಡಿದೆ. ಇಲ್ಲಿ ಭತ್ತದ ಹೊಟ್ಟು ಸಿಗುವುದಿಲ್ಲ, ಬಾದಾಮಿಯ ಸಿಪ್ಪೆ ಸಿಗುತ್ತದೆ. ಈ ತಿಂಗಳ ಹದಿನಾಲ್ಕಕ್ಕೆ ಅದನ್ನು ಕುಟ್ಟಿ ಪುಡಿ ಮಾಡಿ, ಅಕ್ಕ ಹೇಳಿದ ಹಾಗೆ ಕೆಂಡದ ಮೇಲೆ ಗಟ್ಟಿಯಾಗಿ ಒತ್ತಿ, ಮೇಲೆ ಬೂದಿ ಸುರಿದು, ಒಲೆಯ ಬಾಯಿ ಮುಚ್ಚಿದೆ. ಆರಿಹೋದರೆ ಏನು ಗತಿ ಅಂತ ಪಿಲಾರಮ್ಮ ಕೇಳಿದರು. ಅಕ್ಕ ಹೇಳಿದ್ದಾಳೆ ಅಂದೆ. ಹೋಟೆಲಿಗೆ ರಜೆ ಕೊಟ್ಟರು. ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತಿದ್ದೆ. ಒಂದು ಸೌದೆ ಹಾಕಲಿಲ್ಲ, ಇಣುಕಿ ನೋಡಲಿಲ್ಲ. ದಿನ ಲೆಕ್ಕ ಹಾಕುತ್ತಿದ್ದೆ. ಇವತ್ತು ಹೊರಟೆ. ಇವತ್ತು ನ್ಯೂವಾರ್ಕಿನಲ್ಲಿ ಇಳಿದು ಅಕ್ಕನ ಹಾಸಿಗೆಯ ಪಕ್ಕ ಕೂತೆ. ಇವತ್ತು ಅವಳು ಬೈದಳು. ಇವತ್ತು ವಾಪಸು ಬಂದೆ.

ಐದನೆಯ ದಿನ ಬೆಳಿಗ್ಗೆ ಬಾಯಿ ತೆಗೆದು ಬೂದಿ ಸರಿಸಿದೆ. ಕೆಂಡ ಇತ್ತು, ತನು. ಇನ್ನೊಂದು ದಿನ ಅವಳ ಹತ್ತಿರ ಕೂತಿದ್ದು ಬಂದಿದ್ದರೂ ಇರುತ್ತಿತ್ತು.

ನಿನ್ನ ಮಾವ